ಒಂದು ಕೈ

(ಶಾಲೆಯ ವಾರ್ಷಿಕೋತ್ಸವದ ದಿನ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಪ್ರತಿವರ್ಷವೂ ಫಲಿತಾಂಶ, ಕಟ್ಟಡ, ಚಂದಾ ಇವುಗಳ ಮಾತೇ ನಡೆಯುವುದು ವಾಡಿಕೆ. ವರದಿಯನ್ನು ಕಾರ್ಯದರ್ಶಿಗಳು ಈಗಾಗಲೇ ಓದಿರುವುದರಿಂದ ಆ ಭಾರ ನನ್ನ ಮೇಲಿಲ್ಲ. ನಾನು ಈ ಹೊತ್ತು ಕೈಯನ್ನು ಕುರಿತು, ಅದರಲ್ಲಿಯೂ ಒಂದೇ ಕೈಯನ್ನು ಕುರಿತು, ನಿಮ್ಮೊಡನೆ ಸ್ವಲ್ಪ ಹೊತ್ತು ಮಾತನಾಡಬೇಕೆಂದಿದ್ದೇನೆ. ಎರಡು ಕೈ ಇರುವಾಗ ಒಂದರ ಮಾತೇಕೆ ಎಂದು ಮಕ್ಕಳು ಆಗಲೇ ಪಿಸುಗುಟ್ಟುತ್ತಿರುವುದು ನನಗೆ ಕೇಳಿಸುತ್ತಿದೆ. ತಾಳಿರಿ.

ನಮ್ಮ ರಾಯದುರ್ಗದಲ್ಲಿ ದಶಭುಜ ಗಣಪತಿಯ ಗುಡಿಯಿದೆ. ನಿಮ್ಮಲ್ಲಿ ಅನೇಕರು ನೋಡಿರುವಿರಿ. ಆ ಗಣಪತಿಗೆ ಕೈ ಎಷ್ಟೆಂದು ಕೇಳಿದರೆ ಎಲ್ಲರೂ ಹತ್ತು ಎನ್ನುವರು. ಚೆನ್ನಾಗಿ ಓದಿಕೊಂಡ ಹುಡುಗನಾದರೆ ಹನ್ನೊಂದು ಎನ್ನಬೇಕು. ಸಂಸ್ಕೃತದಲ್ಲಿ ಆನೆಗೆ ಹಸ್ತಿ ಎಂದು ಹೆಸರು, ಕರಿ ಎಂದೂ ಹೆಸರು. ಹಸ್ತವುಳ್ಳದ್ದು ಹಸ್ತಿ, ಕರವುಳ್ಳದ್ದು ಕರಿ. ಎರಡಕ್ಕೂ ಅರ್ಥ ಒಂದೇ: ಕೈಯುಳ್ಳದ್ದು. ಎರಡು ಕೈಯ ಮನುಷ್ಯನಿಗೆ ಸಲ್ಲದ ಈ ಬಿರುದನ್ನು ನಮ್ಮ ಪೂರ್ವಿಕರು ಒಂದೇ ಕೈಯ ಪ್ರಾಣಿಗೆ ಕೊಟ್ಟರು. ಆ ಕೈಯಲ್ಲಿ ಎಲುಬೇ ಇಲ್ಲ. ಮರದ ದಿಮ್ಮಿಯನ್ನು ಎತ್ತುವ ಅದೇ ಸೊಂಡಿಲು ನೆಲದ ಮೇಲಿನ ಒಂದು ಶೇಂಗಾಬೀಜವನ್ನು ಹೆಕ್ಕಬಲ್ಲದು. ನಮ್ಮ ದೇಶದ ಆನೆಗೆ ಸೊಂಡಿಲ ತುದಿಯಲ್ಲಿ ಬೆರಳಿನಂತಹ ತುಟಿ ಒಂದು. ಆಫ್ರಿಕದ ಆನೆಗೆ ಎರಡು. ಇನ್ನೂ ಒಂದು ಸ್ವಾರಸ್ಯವಿದೆ. ಮೇವನ್ನು ಸುತ್ತಿ ಬಾಯಿಗಿಡುವಾಗ ಕೆಲವು ಆನೆಗಳು ಸೊಂಡಿಲನ್ನು ಎಡಕ್ಕೆ ತಿರುಗಿಸುತ್ತವೆ, ಕೆಲವು ಬಲಕ್ಕೆ. ಪ್ರಾಣಿಶಾಸ್ತ್ರಜ್ಞರು ಇದನ್ನು ಗಮನಿಸಿ ಬರೆದಿದ್ದಾರೆ. ಎಡಮುರಿ ಗಣಪತಿ, ಬಲಮುರಿ ಗಣಪತಿ ಎಂದು ವಿಂಗಡಿಸಿದ ನಮ್ಮ ಶಿಲ್ಪಿಗಳು ಆನೆಯನ್ನು ಹತ್ತಿರದಿಂದ ನೋಡಿದ್ದರೆಂದು ನನ್ನ ನಂಬಿಕೆ.

ಇನ್ನು ನಮ್ಮ ನುಡಿಯಲ್ಲಿ ಒಂದು ಕೈ ಮಾಡುವ ಕೆಲಸವನ್ನು ನೋಡಿರಿ. ಮೂಟೆಯನ್ನು ತಲೆಯ ಮೇಲಿಟ್ಟುಕೊಳ್ಳಬೇಕಾದವನು ದಾರಿಹೋಕನನ್ನು ಕರೆದು ‘ಒಂದು ಕೈ ಹಿಡಿಯಪ್ಪ’ ಎನ್ನುವನು. ಜಟ್ಟಿಯು ಇನ್ನೊಬ್ಬ ಜಟ್ಟಿಯನ್ನು ಕಂಡು ‘ಒಂದು ಕೈ ನೋಡಿಯೇ ಬಿಡುತ್ತೇನೆ’ ಎನ್ನುವನು. ಅಣ್ಣ ತುಂಟನಾದರೆ ತಮ್ಮ ಅವನಿಗಿಂತ ಒಂದು ಕೈ ಮೇಲು. ನೆರವು, ಪಂಥ, ಅಳತೆ, ಈ ಮೂರಕ್ಕೂ ಒಂದೇ ಕೈ ಸಾಕಾಯಿತು. ಕೈ ಹಿಡಿದವನು ಗಂಡನಾಗುವನು. ಕೈ ಕೊಟ್ಟವನು ಮೋಸಗಾರನಾಗುವನು. ಕೊಡುವುದೂ ಹಿಡಿಯುವುದೂ ಅದೇ ಕೈಯಾದರೂ ನಮ್ಮ ನುಡಿ ಎಷ್ಟು ಕಟ್ಟುನಿಟ್ಟಾಗಿ ಬೇರ್ಪಡಿಸಿದೆ!

‘ಒಂಟಿ ಕೈಯಲ್ಲಿ ಮಕ್ಕಳನ್ನು ಸಾಕಿದಳು’ ಎಂಬ ಮಾತನ್ನು ನಮ್ಮ ಊರುಗಳಲ್ಲಿ ಬಹಳವಾಗಿ ಕೇಳುತ್ತೇವೆ. ನೆರೆಯ ತೆಲುಗಿನವರೂ ‘ಒಂಟಿ ಚೇತ್ತೋ’ ಎಂದು ಇದನ್ನೇ ಹೇಳುವರು. ಮಳೆ ತಪ್ಪಿದ ವರ್ಷ ಗಂಡಸರು ಬೆಂಗಳೂರಿಗೆ ಗುಳೆ ಹೋದ ಮನೆಗಳಲ್ಲಿ ಈ ಮಾತಿಗೆ ವಿವರಣೆ ಬೇಡ. ಆ ತಾಯಿಗೆ ನಿಜವಾಗಿ ಇರುವುದು ಎರಡು ಕೈ. ಎರಡೂ ಬೆಳಗಿನಿಂದ ರಾತ್ರಿಯವರೆಗೆ ಬಿಡುವಿಲ್ಲದೆ ದುಡಿಯುತ್ತವೆ. ಆದರೂ ಊರು ಅದನ್ನು ಒಂದೆಂದೇ ಲೆಕ್ಕ ಹಾಕುತ್ತದೆ. ಇರುವ ಕೈಯನ್ನು ಎಣಿಸದೆ ಇಲ್ಲದ ಕೈಯನ್ನು ಎಣಿಸುವ ಲೆಕ್ಕ ಇದು. ಸಭೆಯಲ್ಲಿ ಅಂತಹ ತಾಯಂದಿರು ಅನೇಕರು ಕುಳಿತಿರುವರು. ಅವರಿಗೆ ನನ್ನ ನಮಸ್ಕಾರ.

ಇದೇ ವರ್ಗಕ್ಕೆ ಸೇರಿದ ಇನ್ನೊಂದು ಮಾತನ್ನು ಮಾತ್ರ ನಾನು ಒಪ್ಪಲಾರೆನು. ಒಂದು ಕೈಯಿಂದ ಚಪ್ಪಾಳೆಯಾಗದು ಎಂದು ಗಾದೆ. ಜಗಳ ತೀರ್ಮಾನಿಸಲು ಕುಳಿತ ಹಿರಿಯರಿಗೆ ಇದು ಬಹಳ ಅನುಕೂಲ. ಎರಡು ಕಡೆಯವರದೂ ತಪ್ಪೆಂದು ಹೇಳಿ ಎದ್ದು ಹೋಗಬಹುದು. ಆದರೆ ಹತ್ತನೆಯ ತರಗತಿಯ ಗಟ್ಟಿಗನು ಆರನೆಯ ತರಗತಿಯ ಕೂಸಿನ ಬುತ್ತಿಯನ್ನು ಕಿತ್ತುಕೊಂಡಾಗ ಅಲ್ಲಿ ನಡೆದದ್ದು ಒಂದೇ ಕೈಯ ಕೆಲಸ. ಅಲ್ಲಿ ಗಾದೆಯನ್ನು ಹೇಳುವುದು ಅನ್ಯಾಯ.

ಎತ್ತಿದ ಒಂದು ಕೈಗೆ ಎಷ್ಟು ಅರ್ಥ! ತರಗತಿಯಲ್ಲಿ ಎತ್ತಿದರೆ ಪ್ರಶ್ನೆ. ರಸ್ತೆಯಲ್ಲಿ ಎತ್ತಿದರೆ ಬಸ್ಸು ನಿಲ್ಲುತ್ತದೆ, ಅಥವಾ ನಿಲ್ಲದೆ ಹೋಗುತ್ತದೆ. ಭರತನ ನಾಟ್ಯಶಾಸ್ತ್ರವು ಹಸ್ತಮುದ್ರೆಗಳನ್ನು ಎಣಿಸುವಾಗ ಒಂದೇ ಕೈಯಿಂದ ಮಾಡುವ ಅಸಂಯುತ ಹಸ್ತಗಳು 24 ಎಂದೂ, ಎರಡು ಕೈ ಕೂಡಿಸಿ ಮಾಡುವ ಸಂಯುತ ಹಸ್ತಗಳು 13 ಎಂದೂ ಹೇಳುತ್ತದೆ. ಹೆಚ್ಚು ಮಾತು ಒಂಟಿ ಕೈಗೇ ಬರುತ್ತದೆಯೆಂದು ಇದರಿಂದ ತಿಳಿಯಬಹುದು. ಶ್ರಾವಣದ ಶನಿವಾರ ನಮ್ಮ ಕಡೆಯ ಭಕ್ತರು ಕಸಾಪುರ, ನೇಮಕಲ್ಲು, ಮುರಡಿ ಈ ಮೂರು ಆಂಜನೇಯ ಕ್ಷೇತ್ರಗಳನ್ನು ಒಂದೇ ದಿನದಲ್ಲಿ ಸುತ್ತಿ ಬರುವರಷ್ಟೆ. ವ್ಯಾಸರಾಯರು ಪ್ರತಿಷ್ಠೆ ಮಾಡಿದರೆಂದು ಹೇಳುವ ಹನುಮನ ಮೂರ್ತಿಗಳಲ್ಲಿ ಬಹುಮಟ್ಟಿಗೆ ಬಲಗೈ ಮೇಲೆತ್ತಿರುತ್ತದೆ. ಎಡಗೈ ಸೊಂಟದ ಬಳಿ ಹೂವನ್ನು ಹಿಡಿದಿರುತ್ತದೆ. ಎತ್ತಿದ ಕೈ ಭಕ್ತನಿಗೆ ಅಭಯ, ರಕ್ಕಸನಿಗೆ ಏಟು. ಕೈ ಒಂದೇ, ಎದುರಿಗೆ ನಿಂತವನು ಯಾರೆಂಬುದರ ಮೇಲೆ ಅರ್ಥ.

ಕನ್ನಡನಾಡಿನ ಹೊಲಗಳಲ್ಲಿ, ಊರ ಹೊರಗೆ, ಮತ್ತೊಂದು ಬಗೆಯ ಒಂಟಿ ಕೈ ನಿಂತಿದೆ. ಮಾಸ್ತಿಕಲ್ಲು ಎಂದು ಕರೆಯುವರು. ಕಂಬದಿಂದ ಒಂದೇ ತೋಳು ಹೊರಚಾಚಿ, ಮೊಳಕೈಯಲ್ಲಿ ಬಾಗಿ, ಅಂಗೈ ಮೇಲಾಗಿ ನಿಂತಿರುತ್ತದೆ. ಕೈತುಂಬ ಬಳೆ, ಎಷ್ಟೋ ಕಲ್ಲುಗಳಲ್ಲಿ ಬೆರಳ ನಡುವೆ ನಿಂಬೆಯ ಹಣ್ಣು. ಗಂಡನೊಡನೆ ಸುಟ್ಟುಹೋದ ಹೆಂಗಸಿನ ಗುರುತು ಅದು. ಬಳೆ ಒಡೆಯದೆ ಹೋದಳು ಎಂಬುದನ್ನು ಹೇಳಲು ಶಿಲ್ಪಿಗೆ ತೋಳು ಒಂದೇ ಸಾಕೆನಿಸಿತು. ಅನೇಕ ಕಲ್ಲುಗಳಲ್ಲಿ ಅವಳ ಮುಖವಿಲ್ಲ, ಹೆಸರೂ ಇಲ್ಲ. 1800ರಲ್ಲಿ ನಿಜಾಮನಿಂದ ಕಂಪನಿಯವರ ಕೈಸೇರಿದ ಈ ಸೀಮೆಯು ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಬಂಗಾಳದಲ್ಲಿ 1829ರಲ್ಲಿ ಆದ ಸತಿ ನಿಷೇಧದ ಕಾನೂನು ಮದರಾಸಿಗೆ 1830ರಲ್ಲಿ ಬಂದಿತು. ಕಲ್ಲಿನ ಕೈ ಹರಸುತ್ತಿದೆ ಎಂದು ಅಜ್ಜಿಯರು ಕುಂಕುಮವಿಡುವರು. ಅವರ ಭಕ್ತಿಗೆ ನಾನು ಅಡ್ಡಿ ಹೇಳುವವನಲ್ಲ. ಆದರೆ ನನಗೆ ಆ ಕೈಯನ್ನು ಕಂಡಾಗಲೆಲ್ಲ ‘ನಿಲ್ಲಿಸಿರಿ’ ಎಂದು ಯಾರಿಗೋ ಹೇಳುತ್ತಿರುವಂತೆ ತೋರುತ್ತದೆ.

ಕೈ ಎಂದ ಮೇಲೆ ಎಡ ಬಲಗಳ ಪ್ರಶ್ನೆ ಏಳದೆ ಇರದು. ಬಲ ಎಂದರೆ ಕನ್ನಡದಲ್ಲಿ ಒಂದು ದಿಕ್ಕೂ ಹೌದು, ಶಕ್ತಿಯೂ ಹೌದು. ಪಾಪ, ಎಡಕ್ಕೆ ಆ ಭಾಗ್ಯವಿಲ್ಲ. ಅದರ ನೆರೆಯಲ್ಲಿ ಕುಳಿತಿರುವುದು ಎಡವಟ್ಟು, ಎಡಬಿಡಂಗಿ ಇಂತಹ ಮಾತುಗಳು. ಲೋಕದಲ್ಲಿ ಹತ್ತು ಮಂದಿಗೆ ಸುಮಾರು ಒಬ್ಬರು ಎಡಗೈಯವರು. ನಲವತ್ತು ಮಕ್ಕಳ ತರಗತಿಯಲ್ಲಿ ನಾಲ್ವರಾದರೂ ಇರಬೇಕಾಯಿತು. ಹಿಂದಿನ ಕಾಲದ ಕೂಲಿಮಠಗಳಲ್ಲಿ ಅಂತಹ ಮಕ್ಕಳ ಎಡಗೈಯನ್ನು ಕಟ್ಟಿಹಾಕಿ ಬಲಗೈಯಿಂದ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಅದು ಹುಟ್ಟಿನಿಂದ ಬಂದ ಒಲವೇ ಹೊರತು ಚೇಷ್ಟೆಯಲ್ಲ. ತಂದೆತಾಯಿಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ಊಟಕ್ಕೆ ಬಲಗೈಯನ್ನು ಕಲಿಸುವುದಾದರೆ ಕಲಿಸಿರಿ, ಅದು ನಿಮ್ಮ ಮನೆಯ ಪದ್ಧತಿ, ಬಳಪ ಹಿಡಿದ ಎಡಗೈಯನ್ನು ಮಾತ್ರ ಹೊಡೆಯಬೇಡಿರಿ. ನಮ್ಮ ಲಿಪಿ ಎಡದಿಂದ ಬಲಕ್ಕೆ ಹೋಗುವುದರಿಂದ ಎಡಗೈಯವನು ತಾನು ಬರೆದುದನ್ನು ತಾನೇ ಮರೆಮಾಡುತ್ತಾನೆ, ಮಸಿಯನ್ನು ಒರೆಸುತ್ತಾನೆ. ಪುಸ್ತಕದ ಮೇಲ್ತುದಿಯನ್ನು ಸ್ವಲ್ಪ ಬಲಕ್ಕೆ ಓರೆಮಾಡಿ ಇಟ್ಟರೆ ಈ ತೊಂದರೆ ಬಹುಮಟ್ಟಿಗೆ ನೀಗುವುದು.

ಗಾಂಧೀಜಿಯವರು 1909ರ ನವೆಂಬರಿನಲ್ಲಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳುವಾಗ ಕಿಲ್ಡೋನನ್ ಕ್ಯಾಸಲ್ ಎಂಬ ಹಡಗಿನಲ್ಲಿ ಕುಳಿತು ‘ಹಿಂದ್ ಸ್ವರಾಜ್’ ಗ್ರಂಥವನ್ನು ಗುಜರಾತಿಯಲ್ಲಿ ಬರೆದರು. ಹಸ್ತಪ್ರತಿ 275 ಪುಟ; ಹತ್ತು ದಿನದ ಕೆಲಸ. ಬಲಗೈ ಸೋತಾಗ ಬರವಣಿಗೆಯನ್ನು ನಿಲ್ಲಿಸದೆ ಲೇಖನಿಯನ್ನು ಎಡಗೈಗೆ ಕೊಟ್ಟರು. ಹಾಗೆ ಎಡಗೈಯಿಂದ ಬರೆದದ್ದು ಸುಮಾರು 40 ಪುಟ. ಅರ್ಜುನನಿಗೆ ಸವ್ಯಸಾಚಿ ಎಂಬ ಹೆಸರು ಬಂದದ್ದೂ ಇದಕ್ಕೇ. ಸವ್ಯ ಎಂದರೆ ಎಡ, ಎಡಗೈಯಿಂದಲೂ ಬಾಣ ಬಿಡಬಲ್ಲವನು ಅವನು. ಪ್ರಾಸಂಗಿಕವಾಗಿ ಹೇಳುವುದಾದರೆ, 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ರಾಯದುರ್ಗ ತಾಲ್ಲೂಕು ಆಂಧ್ರ ರಾಜ್ಯಕ್ಕೆ ಸೇರಿದಂದಿನಿಂದ ನಮ್ಮ ಕಣೇಕಲ್ಲಿನ ಮಕ್ಕಳೂ ಒಂದು ಬಗೆಯ ಸವ್ಯಸಾಚಿಗಳೇ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಕನ್ನಡ ಶಾಲೆಗೆ ಸೇರಿಸಿದರೆ ಮಗ ಒಂದು ಕೈಯವನಾಗುವನೆಂದು ಹೆದರುವ ತಂದೆಯರು ಸಂಜೆಯ ಹೊತ್ತು ಬಸ್ ನಿಲ್ದಾಣದಲ್ಲಿ ಅದೇ ಮಗ ಎರಡು ನುಡಿಯಲ್ಲಿ ಜಗಳವಾಡುವುದನ್ನು ಒಮ್ಮೆ ಕೇಳಬೇಕು.

ಈಗ ನಾನು ಈ ವಿಷಯವನ್ನು ಆರಿಸಿಕೊಂಡ ಕಾರಣಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಏಳನೆಯ ತರಗತಿಯ ಹುಡುಗನೊಬ್ಬನು ರಜೆಯ ದಿನ ಶೇಂಗಾ ಒಕ್ಕುವ ಯಂತ್ರಕ್ಕೆ ಬಳ್ಳಿ ತಳ್ಳುತ್ತಿದ್ದಾಗ ಅವನ ಅಂಗಿಯ ತೋಳು ಸಿಕ್ಕಿಕೊಂಡಿತು. ಬಲಗೈ ಮಣಿಕಟ್ಟಿನ ಮೇಲಿನಿಂದ ಹೋಯಿತು. ಹೆಸರು ಬೇಡ, ಅವನು ಈಗ ದೊಡ್ಡವನಾಗಿದ್ದಾನೆ. ಮೂರು ತಿಂಗಳು ಮನೆಯಿಂದ ಹೊರಗೆ ಬರಲಿಲ್ಲ. ಇನ್ನು ಇವನಿಗೆ ಓದೇಕೆ ಎಂದು ಮನೆಯವರು ಎಂದರು. ಬರೆಯುವ ಕೈಯೇ ಹೋದ ಮೇಲೆ ಶಾಲೆಯೇಕೆ ಎಂಬುದು ಅವರ ತರ್ಕ. ಅವನ ಉಪಾಧ್ಯಾಯರೊಬ್ಬರು ನಾಲ್ಕು ಸಲ ಅವರ ಮನೆಗೆ ಹೋಗಿ ಬಂದರು; ಐದನೆಯ ಸಲ ಹುಡುಗನೇ ಹಿಂದೆ ಬಂದನು.

ಎಡಗೈಯಿಂದ ಬರೆಯುವುದು ಅವನಿಗೆ ಬಹಳ ಕಷ್ಟವಾಗುವುದೆಂದು ನಾವೆಲ್ಲ ಎಣಿಸಿದ್ದೆವು. ಅದು ಏಳೆಂಟು ತಿಂಗಳಲ್ಲಿ ಬಂದಿತು. ಬರೆಯುವಾಗ ಪುಸ್ತಕ ಜಾರುತ್ತಿತ್ತು. ಮೇಲೆ ಒಂದು ಚಪ್ಪಟೆ ಕಲ್ಲನ್ನು ಇಟ್ಟು ಸರಿಪಡಿಸಿದೆವು. ರೇಖಾಗಣಿತದಲ್ಲಿ ಅಡಿಪಟ್ಟಿ ಹಿಡಿಯುವವರಿಲ್ಲ. ಪಕ್ಕದ ಹುಡುಗ ಹಿಡಿದನು. ನಿಜವಾದ ಕಷ್ಟಗಳು ನಾವು ಯಾರೂ ಯೋಚಿಸದ ಸ್ಥಳಗಳಲ್ಲಿದ್ದವು. ಅಂಗಿಯ ಗುಂಡಿ. ಚಡ್ಡಿಯ ಲಾಡಿ. ಬುತ್ತಿಯ ಡಬ್ಬಿಯ ಮುಚ್ಚಳ. ಅದನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ತೆಗೆಯಲು ಕಲಿತನು. ಒದ್ದೆ ಬಟ್ಟೆಯನ್ನು ನಲ್ಲಿಗೆ ಸುತ್ತಿ ಹಿಂಡಲು ಕಲಿತನು. ಒಂದನ್ನು ಮಾತ್ರ ಕಲಿಯಲಾಗಲಿಲ್ಲ. ಒಂದು ಕೈ ಎಲ್ಲವನ್ನೂ ಮಾಡಬಲ್ಲದು, ತನ್ನ ಉಗುರನ್ನು ತಾನು ಕತ್ತರಿಸಿಕೊಳ್ಳಲಾರದು. ಭಾನುವಾರಕ್ಕೊಮ್ಮೆ ಅವನ ತಂಗಿ ಆ ಕೆಲಸ ಮಾಡುತ್ತಿದ್ದಳು. ಎರಡು ಕೈ ಇರುವವರು ಇಂದು ರಾತ್ರಿ ಮನೆಯಲ್ಲಿ ಒಂದು ಕೈಯನ್ನು ಬೆನ್ನ ಹಿಂದಿಟ್ಟು ಇನ್ನೊಂದನ್ನು ತೊಳೆದುಕೊಳ್ಳಲು ಯತ್ನಿಸಿ ನೋಡಿರಿ. ನಾನು ಅರ್ಧ ಗಂಟೆ ಮಾತನಾಡಿ ಹೇಳಲಾರದ್ದು ಅರ್ಧ ನಿಮಿಷದಲ್ಲಿ ತಿಳಿಯುವುದು.

ಅದಕ್ಕಿಂತ ದೊಡ್ಡ ತೊಡಕು ಬೇರೆ ಇದ್ದಿತು. ನಮ್ಮಲ್ಲಿ ಎಡಗೈಯಿಂದ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಇರುವುದೇ ಎಡಗೈಯಾದರೆ? ಅಂಗಡಿಯಲ್ಲಿ ದುಡ್ಡನ್ನು ಚಾಚಿ ಆ ಹುಡುಗ ಕುಗ್ಗಿಹೋಗುತ್ತಿದ್ದನು. ಬಹುಮಾನ ಕೊಡುವ ದಿನ ವೇದಿಕೆಗೆ ಬರಲು ಒಲ್ಲೆನೆಂದನು. ಪ್ರಸಾದಕ್ಕೆ ಸಾಲಿನಲ್ಲಿ ನಿಂತು, ತನ್ನ ಸರದಿ ಬರುವ ಮುಂಚೆ ಪಕ್ಕಕ್ಕೆ ಸರಿದುಬಿಡುವನು. ಒಂದು ದಿನ ಕೊಬ್ಬರಿ ಸಕ್ಕರೆ ಹಂಚುತ್ತಿದ್ದ ಮುದುಕಿಯೊಬ್ಬರು ಅದನ್ನು ಕಂಡರು. ‘ಯಾಕ್ ಸರೀತಿ? ಹಿಡಿಯಪ್ಪ ಕೈನ. ಕೊಡೋ ದೇವ್ರಿಗೆ ಎಡ ಬಲ ಐತೇನು?’ ಎಂದು ಅವನ ಎಡಗೈಯನ್ನು ತಾವೇ ಹಿಡಿದೆಳೆದು ಅಂಗೈ ತುಂಬ ಹಾಕಿದರು. ಧರ್ಮಶಾಸ್ತ್ರದ ಪಂಡಿತರು ಇದನ್ನು ಎಷ್ಟು ಪುಟಗಳಲ್ಲಿ ಚರ್ಚಿಸುವರೋ ತಿಳಿಯದು. ಆಕೆ ಅಕ್ಷರ ಕಲಿತವರಲ್ಲ.

ಮುಂದಿನ ವಾರ್ಷಿಕೋತ್ಸವದಲ್ಲಿ ಅವನು ಮುಂದಿನ ಸಾಲಿನಲ್ಲಿ ಕುಳಿತಿದ್ದನು. ಎಲ್ಲರೂ ಚಪ್ಪಾಳೆ ತಟ್ಟುವಾಗ ಅವನು ಎಡಗೈಯಿಂದ ತನ್ನ ತೊಡೆಯನ್ನು ಬಡಿಯುತ್ತಿದ್ದನು. ಸದ್ದು ಚೆನ್ನಾಗಿಯೇ ಬರುತ್ತಿತ್ತು. ಗಾದೆಯ ಮೇಲೆ ನನಗಿದ್ದ ಇನ್ನುಳಿದ ಗೌರವವೂ ಅಂದು ಹೋಯಿತು.

ಕೈ ಕಳೆದುಕೊಂಡವರ ಮಾತು ಬಂದಾಗ ಜನರು ಜಕಣಾಚಾರಿಯ ಕಥೆಯನ್ನು ತಪ್ಪದೆ ಹೇಳುವರು. ತನ್ನ ವಿಗ್ರಹದಲ್ಲಿ ದೋಷವಿಲ್ಲವೆಂದು ಪಂಥ ಕಟ್ಟಿದ ಶಿಲ್ಪಿ. ಹೊಟ್ಟೆಯ ಬಳಿ ಕಲ್ಲಿನೊಳಗೆ ಕಪ್ಪೆಯಿರುವುದನ್ನು ತೋರಿಸಿಕೊಟ್ಟ ಹುಡುಗ, ಅವನೇ ಮಗನಾದ ಡಂಕಣ. ಮಾತಿಗೆ ಕಟ್ಟುಬಿದ್ದು ಬಲಗೈಯನ್ನು ಕಡಿದುಕೊಂಡ ತಂದೆ. ಮುಂದೆ ಕ್ರೀಡಾಪುರದಲ್ಲಿ ಚೆನ್ನಕೇಶವನ ಗುಡಿ ಕಟ್ಟಿದಾಗ ಮತ್ತೆ ಚಿಗುರಿದ ಕೈ. ಊರಿಗೆ ಕೈದಾಳ ಎಂಬ ಹೆಸರು. 1964ರಲ್ಲಿ ಬಂದ ‘ಅಮರಶಿಲ್ಪಿ ಜಕಣಾಚಾರಿ’ ಕನ್ನಡದ ಮೊದಲ ವರ್ಣಚಿತ್ರವಾದ್ದರಿಂದ ಕಥೆ ಮನೆಮನೆಗೂ ಮುಟ್ಟಿತು. ಕೈದಾಳವು ತುಮಕೂರಿನ ಸಮೀಪದಲ್ಲಿದೆ; ಮಡಕಶಿರದ ಕಡೆಯ ಮಕ್ಕಳಿಗೆ ದೂರವೇನಲ್ಲ, ಹೋಗಿ ನೋಡಿರಿ. ಚರಿತ್ರೆಯ ಮಾತು ಬೇರೆ. ಬೇಲೂರಿನ ಪ್ರತಿಷ್ಠೆ 1117ರದು. ಕೈದಾಳದ ಗುಡಿ ಒಂದನೆಯ ನರಸಿಂಹನ ಕಾಲದ್ದು, 1150ರ ಸುಮಾರಿನದು. ಬೇಲೂರಿನ ಕಲ್ಲುಗಳ ಮೇಲೆ ಹೆಸರು ಬಿಟ್ಟುಹೋದವರು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು. ತಂದೆಮಕ್ಕಳು ಕೂಡಿ ಕಡೆದದ್ದು ಹೀಗೆ ನಿಜ.

ಕಥೆಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಅದನ್ನು ಹೇಳುವವರು ಕೈ ಹೋದ ಗಳಿಗೆಯನ್ನೂ ಕೈ ಬಂದ ಗಳಿಗೆಯನ್ನೂ ವರ್ಣಿಸಿ ನಡುವಿನ ದಿನಗಳನ್ನು ಹಾರಿಸಿಬಿಡುವರು. ನನಗೆ ಬೇಕಾದದ್ದು ಆ ನಡುವಿನ ದಿನಗಳು. ಶಿಲ್ಪಿಯ ಬಲಗೈಯಲ್ಲಿರುವುದು ಸುತ್ತಿಗೆ, ಎಡಗೈಯಲ್ಲಿರುವುದು ಉಳಿ. ಏಟು ಬಲಗೈಯದು, ಏಟು ಎಲ್ಲಿ ಬೀಳಬೇಕೆಂಬ ಅರಿವು ಎಡಗೈಯದು. ಜಕಣನಲ್ಲಿ ಉಳಿದದ್ದು ಉಳಿ ಹಿಡಿಯುವ ಕೈ. ಕೈ ಚಿಗುರಿದ್ದು ಗುಡಿ ಮುಗಿದ ಮೇಲೆ ಎನ್ನುವುದಾದರೆ ಅಷ್ಟು ದಿನ ಸುತ್ತಿಗೆ ಹೊಡೆದವರು ಯಾರು? ಮಗನೇ ಇರಬೇಕು. ಕಥೆಯಲ್ಲಿ ಇದು ಇಲ್ಲ, ನಾನು ಸೇರಿಸಿಕೊಂಡದ್ದು.

ಕೈ ಚಿಗುರದೆ ಹೋದವರ ಕಥೆಗಳೂ ಬೇಕಷ್ಟಿವೆ. ಹಂಗೇರಿಯ ಸೈನಿಕ ಕಾರೊಯ್ ಟಾಕಾಚ್‌ನ ಬಲಗೈ 1938ರಲ್ಲಿ ಕೈಬಾಂಬು ಸಿಡಿದು ಹಾಳಾಯಿತು. ಅವನು ಪಿಸ್ತೂಲಿನ ಗುರಿಕಾರ. ಯಾರಿಗೂ ಹೇಳದೆ ಎಡಗೈಯಿಂದ ಅಭ್ಯಾಸ ಮಾಡಿ 1948ರ ಲಂಡನ್ ಒಲಿಂಪಿಕ್ಸಿನಲ್ಲಿಯೂ 1952ರ ಹೆಲ್ಸಿಂಕಿಯಲ್ಲಿಯೂ ಚಿನ್ನ ಗೆದ್ದನು. ಬೆಂಗಳೂರಿನ ಶರತ್ ಗಾಯಕವಾಡ್ ಹುಟ್ಟಿನಿಂದಲೇ ಎಡಗೈ ಪೂರ್ತಿ ಬೆಳೆಯದವರು. ಈಜುವವನಿಗೆ ಎರಡು ಕೈ ಬೇಡವೆ ಎಂದು ನೀವು ಕೇಳಬಹುದು. ಅವರು 2012ರ ಲಂಡನ್ ಪ್ಯಾರಾಲಿಂಪಿಕ್ಸಿಗೆ ಅರ್ಹತೆ ಪಡೆದರು. 2014ರಲ್ಲಿ ಇಂಚಿಯಾನ್‌ನ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಆರು ಪದಕ ಪಡೆದರು.

ಇನ್ನು ಪೋಷಕರಿಗೆ ಕೆಲವು ವ್ಯಾವಹಾರಿಕ ಮಾತು. ಒಕ್ಕುವ ಯಂತ್ರದ ಬಾಯಿ ಉದ್ದವಾಗಿಯೂ ಮೇಲೆ ಮುಚ್ಚಿಯೂ ಇರಬೇಕು. 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯಿದೆಯೇ ಆಗಿದೆ. ಕಾಯಿದೆ ಕಾಗದದ ಮೇಲಿರುತ್ತದೆ, ಮಗುವಿನ ಕೈ ಯಂತ್ರದ ಮುಂದಿರುತ್ತದೆ. ಸುಗ್ಗಿಯಲ್ಲಿ ಮಕ್ಕಳನ್ನು ಬಳ್ಳಿ ತಳ್ಳಲು ನಿಲ್ಲಿಸಲೇಬೇಡಿರಿ. ದೈವವಶಾತ್ ಯಾರದಾದರೂ ಕೈ ತುಂಡಾದರೆ ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಕಟ್ಟಿರಿ. ತುಂಡಾದ ಭಾಗವನ್ನು ಒದ್ದೆಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ನೀರಿನಲ್ಲಿಡಿರಿ. ಮಂಜುಗಡ್ಡೆ ನೇರವಾಗಿ ತಾಗಬಾರದು. ಆರು ಗಂಟೆಯೊಳಗೆ ದೊಡ್ಡ ಆಸ್ಪತ್ರೆಯನ್ನು ಮುಟ್ಟಿದರೆ ಜೋಡಿಸುವ ಆಸೆ ಉಂಟು. ಅರಿಸಿನ ಮೆತ್ತುತ್ತ ಹೊತ್ತು ಕಳೆಯಬೇಡಿರಿ.

ಅಂಗವಿಕಲರ ಹಕ್ಕುಗಳ ಕಾಯಿದೆ 2016ರದು. ನೂರಕ್ಕೆ 40 ಅಥವಾ ಅದಕ್ಕೆ ಮೇಲ್ಪಟ್ಟ ವೈಕಲ್ಯವೆಂದು ವೈದ್ಯರು ಪ್ರಮಾಣಪತ್ರ ಕೊಟ್ಟರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತ ಶಿಕ್ಷಣ; ಸರಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 5ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ; ಸರಕಾರಿ ನೌಕರಿಯಲ್ಲಿ ನೂರಕ್ಕೆ 4. ಪರೀಕ್ಷೆಯಲ್ಲಿ ಹೆಚ್ಚಿನ ವೇಳೆಯನ್ನೂ ಬರೆಯುವ ಸಹಾಯಕನನ್ನೂ ಕೇಳಬಹುದು. ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿಯ ಮಾತೂ ಅದರಲ್ಲಿದೆ. ಇದೊಂದನ್ನು ಅವಸರದಿಂದ ಕೇಳಬೇಡಿರಿ. ಕೈ ಒಂದು ಕಡಿಮೆಯಾದವನಿಗೆ ನಾಲಗೆಯೂ ಒಂದು ಕಡಿಮೆಯಾಗುವುದೇಕೆ?

ಪ್ರಮಾಣಪತ್ರಕ್ಕೂ ಪರೀಕ್ಷಾ ಸಹಾಯಕನಿಗೂ ಅರ್ಜಿಯನ್ನು ಮೊದಲೇ ಹಾಕಬೇಕು. ಪರೀಕ್ಷೆಯ ಹಿಂದಿನ ವಾರ ಓಡಿಬಂದರೆ ಕೆಲಸವಾಗದು. ಅರ್ಜಿ ತುಂಬಿಕೊಡಲು ನಮ್ಮ ಕಚೇರಿಯ ಗುಮಾಸ್ತರು ಶನಿವಾರ ಮಧ್ಯಾಹ್ನ ಇರುತ್ತಾರೆ. ನಿಮ್ಮ ಬೀದಿಯಲ್ಲಿ ಇಂತಹ ಮಗು ಮನೆಯಲ್ಲಿಯೇ ಕುಳಿತಿದ್ದರೆ ನಮಗೆ ತಿಳಿಸಿರಿ, ನಾವೇ ಬರುತ್ತೇವೆ. ಬರುವ ಜೂನಿನಿಂದ ಪ್ರತಿ ತರಗತಿಯಲ್ಲಿ ಬೆಂಚಿನ ಎಡತುದಿಯನ್ನು ಎಡಗೈಯಿಂದ ಬರೆಯುವ ಮಕ್ಕಳಿಗೆ ಬಿಡಲಾಗುವುದು. ಪಕ್ಕದವನ ಮೊಳಕೈ ತಾಗುವುದಿಲ್ಲ. ಆ ಮಕ್ಕಳು ತಮ್ಮ ಹೆಸರನ್ನು ತರಗತಿಯ ಉಪಾಧ್ಯಾಯರಲ್ಲಿ ಬರೆಯಿಸಬೇಕು, ತಮಗೆ ಒಗ್ಗಿದ ಕೈಯಿಂದಲೇ.